ಐದನೆಯ ಮೇಷ್ಟ್ರು

ಫಾಗಾವಾಯಿ, ಟುಟುಯಿಲಾ ದ್ವೀಪ
ಶನಿವಾರ, ಜೂನ್ ೧೪, ೧೯೯೭

ಪ್ರೀತಿಯ ಸವೇಲಿಯೊ,

(ಈ ಕಾಗದ ನಿನ್ನ ಅಮ್ಮನ ಕಣ್ಣಿಗೆ ಬಿದ್ದರೆ ಮೇಲಿನ ಸಾಲನ್ನು ಅವರು 'ಗೌರವಾನ್ವಿತ ತೌಫಾಸಿಯವರಿಗೆ' ಎಂದು ಓದಿಕೊಳ್ಳಲಿ. ಬಾಯಲ್ಲಿ ನಾನೂ ಹಾಗೇ ಕರೆಯುತ್ತೇನೆ. ಬರೆಯುವಾಗ ಮಾತ್ರ ಕೈ ಹಳೆಯ ಹೆಸರಿಗೇ ಹೋಗುತ್ತದೆ.)

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೆ? ಹಾಸ್ಟೆಲಿನ ಮಂಚ ನಿನ್ನ ಮೊಣಕಾಲಿಗೇ ಮುಗಿದುಹೋಗುತ್ತದೆ ಎಂದಿದ್ದೆಯಲ್ಲ, ಅದನ್ನು ಗೋಡೆಗೆ ಒರಗಿಸಿ ನೆಲಕ್ಕೆ ಚಾಪೆ ಹಾಸಿಕೊಂಡು ಮಲಗು, ಯಾರು ನೋಡುತ್ತಾರೆ. ಊಟ ಸರಿಯಾಗಿ ಮಾಡುತ್ತೀಯೋ ಇಲ್ಲವೋ. ಹೊನೊಲುಲುವಿನ ಕೆಸುವಿನ ಗೆಡ್ಡೆ ಸೋಪು ತಿಂದ ಹಾಗಿರುತ್ತದೆ ಎಂದು ನಿನ್ನ ದೊಡ್ಡಪ್ಪನ ಮಗ ಫಿಲಿಪೊ ಹೇಳಿದ. ಸೋಮವಾರ ರಾತ್ರಿಯ ವಿಮಾನಕ್ಕೆ ಅವನು ಹೊರಟಿದ್ದಾನೆ, ಅವನ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಜೊತೆಗೆ ಹುರಿದ ಕೋಕೋ ಇದೆ, ನಿನ್ನ ಅಮ್ಮ ಕೈಯಾರೆ ಕುಟ್ಟಿದ್ದು. ದಾನಶೂರನಾಗಿ ಹಾಸ್ಟೆಲಿಗೆಲ್ಲ ಹಂಚಿಬಿಡಬೇಡ, ಬೆಳಿಗ್ಗೆ ಹೊತ್ತು ಕುಡಿ.

ಲೂಪೆಗೆ ಕೆಳಗಡೆ ಎರಡು ಹಲ್ಲು ಮೂಡಿವೆ. ಹಾಲು ಕುಡಿಯುತ್ತಾ ಕಚ್ಚುತ್ತಾಳೆ, ಕಚ್ಚಿ ಮುಖ ನೋಡುತ್ತಾಳೆ, ನಾನು ಅಯ್ಯೋ ಎಂದರೆ ನಗುತ್ತಾಳೆ. ಮಾರ್ಚಿನಲ್ಲಿ ಬಂದ ಹಾಗೆ ಜ್ವರ ಮತ್ತೆ ಬಂದಿಲ್ಲ, ಫಿಟ್ಸ್ ಬಂದಿಲ್ಲ. ಡಾಕ್ಟರು ಮಕ್ಕಳಿಗೆ ಅದು ಸಾಮಾನ್ಯ ಎನ್ನುತ್ತಾರೆ. ನಾನೂ ನರ್ಸಿಂಗ್ ತರಗತಿಯಲ್ಲಿ ಹುಡುಗಿಯರಿಗೆ ಹಾಗೇ ಹೇಳುತ್ತಿದ್ದೆ. ಆದರೆ ನನ್ನ ಮಡಿಲಲ್ಲೇ ಮಗುವಿನ ಕಣ್ಣು ಮೇಲಕ್ಕೆ ತಿರುಗಿದ್ದನ್ನು ನೋಡಿದ ಮೇಲೆ ಸಾಮಾನ್ಯ ಎನ್ನುವ ಮಾತು ನನ್ನ ಕಿವಿಗೆ ಇಳಿಯುವುದೇ ಇಲ್ಲ. ಅವಳು ಮಲಗಿದಾಗ ಎದೆಯ ಮೇಲೆ ಅಂಗೈ ಇಟ್ಟುಕೊಂಡು ಕೂತಿರುತ್ತೇನೆ. ಅಂಗೈ ತೆಗೆದರೆ ಉಸಿರು ನಿಂತುಬಿಡುತ್ತದೆ ಎಂದು ಬುದ್ಧಿ ಹೇಳುವುದಿಲ್ಲ, ಕೈ ಹೇಳುತ್ತದೆ. ನಿದ್ದೆ ಎನ್ನುವುದು ನನ್ನ ಮಟ್ಟಿಗೆ ಬೇರೆ ದ್ವೀಪಕ್ಕೆ ಹೋದ ನೆಂಟ. ಈಗ ಮಧ್ಯಾಹ್ನ, ಮನೆಯವರೆಲ್ಲ ಚಾಪೆಗೆ ಬಿದ್ದಿದ್ದಾರೆ, ನಾನು ಎಡಗೈಯನ್ನು ಅವಳ ಮೇಲಿಟ್ಟು ಬಲಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೆ.

ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನಬೇಡ. ಭಾನುವಾರ ನಿನ್ನ ಫೋನು ಬಂದರೆ ಮನೆಮಂದಿಯೆಲ್ಲ ಸಾಲು ನಿಲ್ಲುತ್ತಾರೆ. ನನ್ನ ಸರದಿ ಬಂದಾಗಲೂ ಸುತ್ತ ಹನ್ನೆರಡು ಕಿವಿಗಳು. ಹೋದ ವಾರ ನಾನು ಒಂದೇ ಒಂದು ಕೇಳಿದೆ, ಜುಲೈಗೆ ಟಿಕೆಟ್ ಮಾಡಿಸಿದೆಯಾ ಎಂದು. ನೀನು "ನೋಡೋಣ" ಎಂದೆ. ಮದುವೆಯಾಗಿ ನಾಲ್ಕು ವರ್ಷ, ನಿನ್ನ ಬಾಯಲ್ಲಿ ಹೌದು ಕೇಳಿದ್ದೇನೆ, ಇಲ್ಲ ಕೇಳಿದ್ದೇನೆ, ನೋಡೋಣ ಕೇಳಿದ್ದು ಅದೇ ಮೊದಲು. ಆ ಮಾತು ಎದೆಯಲ್ಲಿ ಮೀನಿನ ಮುಳ್ಳಿನಂತೆ ಕೂತಿರುವಾಗಲೇ ಬುಧವಾರದ ಸಂಗತಿ ನಡೆದದ್ದು. ಬೇರೆಯವರು ಅದನ್ನು ನಿನಗೆ ಬೇರೆ ಥರ ಹೇಳಿದರೂ ಹೇಳಬಹುದು, ನಡೆದದ್ದನ್ನು ನಾನೇ ಹೇಳಬೇಕು.

ಕ್ಯಾಲಿಫೋರ್ನಿಯಾದ ಆ ಪರಿಶೀಲನೆಯವರು ಬರುತ್ತಾರೆಂದು ನಿನಗೆ ಗೊತ್ತಿತ್ತು. ನಮ್ಮ ಮಿಷನ್ ಕಾಲೇಜಿನ ನರ್ಸಿಂಗ್ ತರಗತಿಗೆ ಅವರ ಒಪ್ಪಿಗೆ ಬೇಕು. ಒಪ್ಪಿಗೆಗೆ ಪೂರ್ಣಾವಧಿಯ ಐದು ಜನ ಅಧ್ಯಾಪಕರು ಬೇಕು, ಒಬ್ಬರು ಕಡಿಮೆಯಾದರೂ ಹೊಸ ಹುಡುಗಿಯರನ್ನು ಸೇರಿಸುವ ಹಾಗಿಲ್ಲ. ಅವರ ಊರಲ್ಲಿ ಐದು ಎಂದರೆ ಒಂದು ಕೋಣೆಯ ಜನ. ನಮ್ಮ ದ್ವೀಪದ ಕಾಲೇಜು ಮೇಷ್ಟ್ರುಗಳನ್ನೆಲ್ಲ ಸೇರಿಸಿದರೂ ಬಂದರಿಗೆ ಹೋಗುವ ಎರಡು ಬಸ್ಸು ತುಂಬಲಾರವು ಎಂದು ಅವರಿಗೆ ಯಾರು ಹೇಳಬೇಕು. ಹೋದ ವರ್ಷ ಐದು ಸರಿಯಾಗೇ ಇತ್ತು: ಮುಖ್ಯಸ್ಥೆ ಎಸೆಟಾ ಮೇಡಂ, ಸಿಸ್ಟರ್ ಮಲಿಯಾ, ಔಷಧಿ ಪಾಠದ ಮುದುಕಪ್ಪ ಕಿಲಿಫಿ, ನೀನು, ನಾನು. ಅಕ್ಟೋಬರಿನಲ್ಲಿ ಲೂಪೆ ಹುಟ್ಟಿದಳು, ನಾನು ಕೆಲಸ ಬಿಟ್ಟೆ. ಡಿಸೆಂಬರಿನಲ್ಲಿ ನಿನ್ನ ಕುಲದವರು ನಿನಗೆ ಪಟ್ಟ ಕಟ್ಟಿ ಆವಾ ಬೇರಿನ ಪಾನೀಯ ಕುಡಿಸಿದರು, ಸವೇಲಿಯೊ ಹೋಗಿ ತೌಫಾಸಿ ಆದೆ. ಊರಿನ ನಾಯಿಗೂ ಅದು ಗೊತ್ತು. ಎಲ್ಲರಿಗೂ ಗೊತ್ತಿರುವುದನ್ನು ಯಾರಾದರೂ ಬಿಡಿಸಿ ಹೇಳುತ್ತಾರೆಯೇ? ಕಾಲೇಜಿನಿಂದ ಹೊಸ ವರ್ಷದಲ್ಲಿ ಕ್ಯಾಲಿಫೋರ್ನಿಯಾಕ್ಕೆ ತೌಫಾಸಿಯವರು ನಮ್ಮಲ್ಲಿದ್ದಾರೆ ಎಂದು ತಿಳಿಸಿದರಂತೆ, ಗೌರವದಿಂದ. ಅವರು ಯಾರೋ ಹೊಸಬರು ಸೇರಿದರು ಎಂದುಕೊಂಡರು. ಸವೇಲಿಯೊ ಅವರ ಲೆಕ್ಕದಲ್ಲಿ ಹಾಗೇ ಉಳಿದ. ನಾನು ಬಿಟ್ಟ ಜಾಗಕ್ಕೆ ನಿನ್ನ ಹೊಸ ಹೆಸರು ಬಂದು ಕೂತಿತು. ಆಮೇಲೆ ಜನವರಿಯಲ್ಲಿ ಎರಡೂ ಹೆಸರು ಹೊತ್ತುಕೊಂಡು ನೀನು ಓದಲು ಹೊನೊಲುಲುವಿಗೆ ಹೋದೆ.

ಮಂಗಳವಾರ ಮಧ್ಯಾಹ್ನ ಎಸೆಟಾ ಮೇಡಂ ಮನೆಗೆ ಬಂದರು. ಒಂದು ಡಬ್ಬ ಬಿಸ್ಕತ್ತು ಮುಂದಿಟ್ಟು, ಚಕ್ಕಂಬಕ್ಕಳ ಹಾಕಿ ಕೂತು, ಬೀಸಣಿಗೆ ಬೀಸಿಕೊಳ್ಳುತ್ತಾ ಹವೆಯ ಮಾತು, ಪಾದ್ರಿಯ ಮಗಳ ಮದುವೆಯ ಮಾತು ಎಲ್ಲ ಮುಗಿಸಿ, ಎದ್ದು ಹೋಗುವಾಗ ಹೇಳುವ ಹಾಗೆ ಹೇಳಿದರು: "ಮಟಾ, ನಾಳೆ ಮಗೂನ ಎತ್ಕೊಂಡು ಬಾ. ಅವರಿಗೆ ಹಾರ ಹಾಕು, ನಗು, ಊಟ ಬಡಿಸು. ಬಾಯಿ ಮಾತ್ರ ತಿನ್ನೋಕಷ್ಟೇ ತೆಗಿ." ನಾಲ್ಕನೆಯವರು ಯಾರು ಎಂದು ಕೇಳಿದರೆ ಎಂದೆ. "ಸವೇಲಿಯೊ ಅಂತೀನಿ." ಐದನೆಯವರು? "ತೌಫಾಸಿ." ಎಸೆಟಾ ಮೇಡಂ, ಅವರಿಬ್ಬರೂ ಒಂದೇ ದಿಂಬಿಗೆ ತಲೆ ಇಡೋರು ಎಂದೆ. "ಅದು ನಿಂಗೆ ಗೊತ್ತಿರೋ ವಿಷಯ ಕಣೇ. ಕ್ಯಾಲಿಫೋರ್ನಿಯಾದೋರಿಗೆ ಯಾಕೆ ನಿಮ್ಮ ದಿಂಬಿನ ಸುದ್ದಿ?" ನಿನ್ನ ಅಮ್ಮ ಅಡಿಗೆಯ ಕಡೆಯಿಂದ ಕಿಸಕ್ಕನೆ ನಕ್ಕರು. ನಂತರ ಗಂಭೀರವಾಗಿ, "ಅವಳು ಹೇಳೋದ್ರಲ್ಲಿ ಸುಳ್ಳೇನಿದೆ? ಸವೇಲಿಯೊ ಅನ್ನೋ ಹುಡುಗ ಆವಾ ಬಟ್ಟಲು ಮುಟ್ಟಿದ ದಿನ ಹೋದ. ಅಲ್ಲಿಂದ ಎದ್ದು ಬಂದೋರು ತೌಫಾಸಿ. ಇಬ್ಬರನ್ನೂ ಹೆತ್ತೋಳು ನಾನು. ಎರಡು ಅಂತ ಎಣಿಸ್ಲಿ, ಏನೀಗ?" ಎಂದರು.

 ಸುಮ್ಮನೇ ಇರುತ್ತೇನೆ ಎಂದು ಎಸೆಟಾಗೆ ಮಾತು ಕೊಟ್ಟೆ. ರುತಾ ಕಂಬಕ್ಕೆ ಒರಗಿ ಕೇಳಿಸಿಕೊಳ್ಳುತ್ತಿದ್ದಳು. ಆಗಸ್ಟಿಗೆ ಸೇರಬೇಕಾದವಳು ನಿನ್ನ ತಂಗಿಯೇ ತಾನೆ? ನರ್ಸಿನ ಬಿಳಿ ಬಟ್ಟೆಗೆ ಆಗಲೇ ಅಳತೆ ಕೊಟ್ಟು ಬಂದಿದ್ದಾಳೆ. ಆ ತರಗತಿ ತೆರೆಯದಿದ್ದರೆ ಅವಳಿಗಿರುವುದು ಎರಡೇ ದಾರಿ. ಒಂದು ಬಂದರಿನ ಮೀನಿನ ಡಬ್ಬದ ಕಾರ್ಖಾನೆ, ಇನ್ನೊಂದು ಸೈನ್ಯ. ಲೂಪೆಗೆ ಫಿಟ್ಸ್ ಬಂದ ದಿನ ಪಕ್ಕದ ಮನೆಯಿಂದ ಓಡಿ ಬಂದು ಮಗುವನ್ನು ಮಗ್ಗುಲಿಗೆ ತಿರುಗಿಸಿ ಹಿಡಿದವಳು ನಮ್ಮ ಕಾಲೇಜಿನ ಹುಡುಗಿಯೇ. ಇಂಥವರು ಇನ್ನು ಇಲ್ಲಿ ತಯಾರಾಗುವುದಿಲ್ಲ ಎಂದು ಯೋಚಿಸಿದರೆ ನನ್ನ ಅಂಗೈ ಬೆವರುತ್ತದೆ. ಅದಕ್ಕೇ ಹೇಳಿದೆ, ಸುಮ್ಮನಿರಲೇಬೇಕೆಂದು ಹೋದವಳು ನಾನು.

ಬುಧವಾರ ಮೂರು ಜನ ಬಂದರು. ಹಿರಿಯಳು ಡಾಕ್ಟರ್ ಕಾಲ್ಡರ್ ಎನ್ನುವ ನರೆಗೂದಲಿನ ಹೆಂಗಸು, ಜೊತೆಗೆ ಕನ್ನಡಕದ ಒಬ್ಬ, ಏನು ಕೊಟ್ಟರೂ ಥ್ಯಾಂಕ್ಯೂ ಎನ್ನುವ ಒಬ್ಬ. ಕಾಲೇಜಿನ ಅತಿಥಿಮನೆಯಲ್ಲಿ ಚಾಪೆ ಹಾಸಿದ್ದೆವು. ಆಕೆಗೆ ಕಾಲು ಮಡಚಲು ಬರಲಿಲ್ಲ, ನೇರ ಚಾಚಿಬಿಟ್ಟಳು. ಎದುರಿಗೆ ಕೂತ ಕಿಲಿಫಿಯ ಮುಖ ಕೆಂಪಾಗುವ ಮೊದಲೇ ರುತಾ ಹೋಗಿ ಕಾಲಿನ ಮೇಲೆ ಒಂದು ಚಾಪೆ ಮುಚ್ಚಿ ಬಂದಳು. ಆವಾ ಆಯಿತು, ಹಾರ ಆಯಿತು, ಊಟ ಆಯಿತು. ಕೆಸುವಿನೆಲೆ ಪಾಲುಸಾಮಿಯನ್ನು ಆಕೆ ಎರಡು ಸಲ ಹಾಕಿಸಿಕೊಂಡಳು. ಎಸೆಟಾ ನನ್ನತ್ತ ನೋಡಿ ಹುಬ್ಬು ಎತ್ತಿದರು, ಗೆದ್ದೆವು ಎಂಬಂತೆ.

ಊಟದ ನಂತರ ಡಾಕ್ಟರ್ ಕಾಲ್ಡರ್, "ಈಗ ನಿಮ್ಮ ಐದು ಜನ ಅಧ್ಯಾಪಕರ ಜೊತೆ ಒಬ್ಬೊಬ್ಬರಾಗಿ ಮಾತಾಡಬೇಕಲ್ಲ" ಎಂದಳು. ಎಸೆಟಾ ತಮ್ಮನ್ನೂ ಸೇರಿಸಿ ಮೂವರನ್ನು ತೋರಿಸಿದರು. ಸವೇಲಿಯೊ ಓದಲು ಹೋಗಿದ್ದಾರೆ, ಬರುತ್ತಾರೆ ಎಂದರು. ಐದನೆಯವರು?  ಆಗ ಕಿಲಿಫಿ ಎದ್ದ ನೋಡು. ಊರಿನ ವಾಗ್ಮಿ ಪಟ್ಟ ಇರುವುದು ಅವನಿಗೆ, ಸುಮ್ಮನೆ ಬಿಡುತ್ತಾನೆಯೇ? ಕೋಲು ಊರಿ, ಚಾಮರವನ್ನು ಹೆಗಲ ಮೇಲೆ ಬೀಸಿ, ತೌಫಾಸಿ ಎಂಬ ಪಟ್ಟ ಮೊದಲ ದೋಣಿಯಲ್ಲಿ ಹೇಗೆ ಬಂತು ಎಂಬಲ್ಲಿಂದ ಶುರು ಮಾಡಿದ. ಯಾವ ದಡ, ಯಾವ ಯುದ್ಧ, ಯಾರ ಮಗಳು ಯಾರಿಗೆ. ಕನ್ನಡಕದವನು ಮೊದಲು ಬರೆದುಕೊಳ್ಳುತ್ತಿದ್ದ, ಆಮೇಲೆ ಪೆನ್ನು ಮುಚ್ಚಿದ. ಸಿಸ್ಟರ್ ಮಲಿಯಾ ಕಣ್ಣು ಮುಚ್ಚಿ ಜಪಮಣಿ ಎಣಿಸುತ್ತಿದ್ದರು. ಕಿಲಿಫಿಯ ಉಸಿರು ಮುಗಿದಾಗ ಡಾಕ್ಟರ್ ಕಾಲ್ಡರ್ ಬಹಳ ಮರ್ಯಾದೆಯಿಂದ, "ತುಂಬ ದೊಡ್ಡ ಮನೆತನ. ಆ ತೌಫಾಸಿಯವರು ಈಗ ಎಲ್ಲಿದ್ದಾರೆ?" ಎಂದಳು.

ಎಸೆಟಾ ನಮ್ಮವರೆಲ್ಲ ಹೇಳುವ ನೆಪವನ್ನೇ ಹೇಳಿದರು. "ಸಾವಿನ ಮನೆಗೆ ಹೋಗಿದ್ದಾರೆ."

ಬೇರೆ ಏನು ಹೇಳಿದ್ದರೂ ನಾನು ನುಂಗಿಕೊಳ್ಳುತ್ತಿದ್ದೆ, ಸವೇಲಿಯೊ. ಮೀನು ಹಿಡಿಯಲು ಎನ್ನಬಹುದಿತ್ತು, ಹಲ್ಲುನೋವು ಎನ್ನಬಹುದಿತ್ತು. ನೀನು ಕಡಲಿನ ಆಚೆ ಇದ್ದೀಯ, ನಾನು ಮೂರು ತಿಂಗಳಿಂದ ಸರಿಯಾಗಿ ಕಣ್ಣು ಮುಚ್ಚಿಲ್ಲ, ಮಡಿಲಲ್ಲಿ ನಿನ್ನ ಮಗು. ಅಂಥ ಹೊತ್ತಿನಲ್ಲಿ ನಿನ್ನ ಹೆಸರು ಹಿಡಿದು ಸಾವಿನ ಮನೆಗೆ ಕಳಿಸಿದರು.  ಅಷ್ಟರಲ್ಲಿ ಡಾಕ್ಟರ್ ಕಾಲ್ಡರ್, "ಅಯ್ಯೋ ಪಾಪ, ಯಾರು ತೀರಿಕೊಂಡರು?" ಎಂದು ಬೇರೆ ಕೇಳಿದಳು. ಎಸೆಟಾ ಬಾಯಿ ತೆಗೆಯುತ್ತಿದ್ದರು. ಯಾರ ಹೆಸರು ಬರುತ್ತದೋ ಎಂದು ಹೆದರಿ ನಾನು ಎದ್ದೇ ಬಿಟ್ಟೆ. "ಯಾರೂ ತೀರಿಕೊಂಡಿಲ್ಲ ಮೇಡಂ. ಸವೇಲಿಯೊ, ತೌಫಾಸಿ, ಇಬ್ಬರೂ ನನ್ನ ಗಂಡ" ಎಂದೆ.

ಕನ್ನಡಕದವನು ಪೆನ್ನಿನ ಮುಚ್ಚಳ ಮತ್ತೆ ತೆಗೆದ. ಸಿಸ್ಟರ್ ಮಲಿಯಾರ ಕಡೆ ಬಾಗಿ ಮೆಲ್ಲಗೆ, "ಇಲ್ಲಿ ಅದಕ್ಕೆ ಅವಕಾಶ ಇದೆಯೇ?" ಎಂದು ಕೇಳಿದ. ಸಿಸ್ಟರ್ ಶಿಲುಬೆಯ ಗುರುತು ಹಾಕಿಕೊಂಡರು. ಹಿಂದೆ ಕೂತ ಅಡುಗೆಯ ಹೆಂಗಸರು ಮೊದಲು ತಡೆದುಕೊಂಡರು, ಆಮೇಲೆ ಒಬ್ಬಳು ಫಕ್ಕೆಂದಳು, ಆಮೇಲೆ ಇಡೀ ಮನೆ. "ಒಂದಕ್ಕೇ ನಿದ್ದೆ ಕೆಟ್ಟಿದೀಯ ಮಟಾ, ಎರಡನ್ನ ಹೇಗೆ ಸಾಕ್ತೀಯ!" ಎಂದು ಯಾರೋ ಕೂಗಿದರು. ಲೂಪೆ ಕೂಡ ಕೇಕೆ ಹಾಕಿದಳು. ನಗದೇ ಇದ್ದವರು ಮೂವರು: ಎಸೆಟಾ, ರುತಾ, ನಾನು. ನಗುವಿನ ನಡುವೆಯೇ ಕಿಲಿಫಿ ಪಟ್ಟ ಕಟ್ಟುವುದೆಂದರೆ ಏನೆಂದು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ. ಪುಣ್ಯಕ್ಕೆ ಈ ಸಲ ಚುಟುಕಾಗಿ.

ಡಾಕ್ಟರ್ ಕಾಲ್ಡರ್ ಕೆಟ್ಟವಳಲ್ಲ. ಅವಳೂ ನಕ್ಕಳು, ಕಣ್ಣು ಒರೆಸಿಕೊಂಡಳು. ಒರೆಸಿಕೊಂಡ ಮೇಲೆ, "ಹಾಗಾದರೆ ನಾಲ್ಕು" ಎಂದಳು. ನಗು ನೆಲಕ್ಕೆ ಬಿತ್ತು. "ಆ ನಾಲ್ಕನೆಯವರಾದರೂ ಖಂಡಿತ ಬರುತ್ತಾರೆಯೇ?" ಎಂದು ನನ್ನನ್ನೇ ಕೇಳಿದಳು. ಹೆಂಡತಿ ಎಂದರೆ ಗೊತ್ತಿರಬೇಕಲ್ಲ. ಎಸೆಟಾ ಕಣ್ಣಲ್ಲೇ ಬೇಡಿಕೊಂಡರು. ರುತಾ ನೀರಿನ ಹೂಜಿ ಎತ್ತಿ ಹಿಡಿದವಳು ಹಾಗೇ ನಿಂತಿದ್ದಳು. ಹೌದು ಎನ್ನಲು ನಾಲಿಗೆಯ ತುದಿಗೆ ಬಂತು. ಬಂದು, ನಿನ್ನ 'ನೋಡೋಣ'ಕ್ಕೆ ಎಡವಿತು. "ಅದನ್ನು ಅವರೇ ಹೇಳಬೇಕು" ಎಂದೆ.  ಮುಂದಿನ ಶುಕ್ರವಾರದೊಳಗೆ ಐದು ಜನ ತಂತಮ್ಮ ಬಾಯಿಂದಲೇ ತನ್ನ ಆಫೀಸಿಗೆ ಫೋನು ಮಾಡಿ ಈ ವರ್ಷ ಇಲ್ಲಿ ಪಾಠ ಮಾಡುತ್ತೇವೆ ಎನ್ನಬೇಕು, ಇಲ್ಲವಾದರೆ ಆಗಸ್ಟಿಗೆ ಹೊಸ ತರಗತಿ ಇಲ್ಲ ಎಂದು ಡಾಕ್ಟರ್ ಕಾಲ್ಡರ್ ತೀರ್ಮಾನ ಹೇಳಿದಳು. ರುತಾ ಹೂಜಿಯನ್ನು ಕೆಳಗಿಟ್ಟು ಹೊರಟುಹೋದಳು. ಅವತ್ತಿನಿಂದ ನನ್ನ ಜೊತೆ ಮಾತಿಲ್ಲ. ಉಪ್ಪು ಬೇಕಾದರೂ ಲೂಪೆಯನ್ನು ಕೇಳುತ್ತಾಳೆ.

ಆ ಸಂಜೆ ಪ್ರಾರ್ಥನೆಯ ಗಂಟೆ ಹೊಡೆಯಿತು. ಆ ಹೊತ್ತಿನಲ್ಲಿ ಯಾರೂ ಓಡಾಡದಂತೆ ರಸ್ತೆಯಲ್ಲಿ ಗಂಡಸರು ಕಾವಲು ನಿಂತರು, ನಾವು ಒಳಗೆ ಸುತ್ತ ಕೂತೆವು. ನಿನ್ನ ಅಮ್ಮನೇ ಪ್ರಾರ್ಥನೆ ಹೇಳಿದರು. ಅವರು ನನ್ನ ಮೇಲಿನ ಸಿಟ್ಟನ್ನು ನನಗೆ ಹೇಳುವುದಿಲ್ಲ, ದೇವರಿಗೆ ಹೇಳುತ್ತಾರೆ, ನಾನು ಕೇಳಿಸಿಕೊಳ್ಳಬೇಕು ಅಷ್ಟೆ. "ಕರ್ತನೇ, ಈ ಮನೆಗೆ ಓದಿದ ಸೊಸೆ ಕೊಟ್ಟಿದೀಯ, ಸ್ತೋತ್ರ. ಅವಳಿಗೆ ಒಳ್ಳೇ ಬಾಯಿ ಕೊಟ್ಟಿದೀಯ, ಅದಕ್ಕೂ ಸ್ತೋತ್ರ. ಆ ಬಾಯಿಗೊಂದು ಬಾಗಿಲು ಇಡೋದು ಮರೆತಿದೀಯ, ನೆನಪಿಸ್ತಾ ಇದೀನಿ. ನನ್ನ ರುತಾನ ಮೀನಿನ ಡಬ್ಬಕ್ಕೆ ತಳ್ಳಬೇಡಪ್ಪ." ಆಮೆನ್ ಎಂದೆ. ಇನ್ನೇನು ಎನ್ನಲಿ? ಪ್ರಾರ್ಥನೆ ಮುಗಿದ ಮೇಲೆ ಅವರು ಚಾಪೆ ಸುತ್ತುತ್ತಾ, ನನ್ನ ಮುಖ ನೋಡದೇ, "ಬಾಯಿ ಬಿಟ್ಟೋಳು ಕಾಲೂ ಎತ್ತಬೇಕು. ನಾಳೆ ಮಗೂನ ಇಲ್ಲಿ ಬಿಟ್ಟು ಕಾಲೇಜಿಗೆ ಹೋಗು. ಒಂದು ಕಡಿಮೆ ಅಂದ್ರಲ್ಲ, ಆ ಒಂದು ನೀನೇ ಇದೀಯಲ್ಲ" ಎಂದರು.

ನಾನೇ ಇದ್ದೆ, ನಿಜ. ಬೇರೆ ಯಾರೂ ಇಲ್ಲ ಎಂದು ನನಗೆ ಮೊದಲೇ ಗೊತ್ತಿತ್ತು. ಆದರೆ ಲೂಪೆಯನ್ನು ಬಿಟ್ಟು ಬೆಳಗಿನಿಂದ ಸಂಜೆಯ ತನಕ ಎಂದರೆ! ಗುರುವಾರ ಬೆಳಿಗ್ಗೆ ಹಾಲು ಕುಡಿಸಿ, ನಿನ್ನ ಅಮ್ಮನ ತೋಳಿಗೆ ಕೊಟ್ಟು ಬಸ್ಸು ಹತ್ತಿದೆ. ಬಸ್ಸಿನ ಹಾಡಿನ ಅಬ್ಬರದಲ್ಲಿ ಮಗು ಅಳುವ ಸದ್ದು ಕೇಳಿಸಿತು. ಅದು ಹೇಗೆ ಕೇಳಿಸೀತು, ಊರು ಆಗಲೇ ಹಿಂದೆ ಉಳಿದಿತ್ತು. ಆದರೂ ಕೇಳಿಸಿತು. ಚಾವಣಿ ಬಡಿದು ಬಸ್ಸು ನಿಲ್ಲಿಸಿ ಇಳಿದೆ. ಡ್ರೈವರು, "ಮೇಡಂ, ಸ್ಟವ್ ಆರಿಸೋದು ಮರೆತ್ರಾ?" ಎಂದ. ಚಪ್ಪಲಿ ಕೈಗೆ ತೆಗೆದುಕೊಂಡು ಸಮುದ್ರದ ಪಕ್ಕದ ದಾರಿಯಲ್ಲಿ ಓಡಿದೆ. ಬಂದು ನೋಡಿದರೆ ಲೂಪೆ ಅಜ್ಜಿಯ ಎದೆಯ ಮೇಲೆ ಬೋರಲು ಮಲಗಿ ನಿದ್ದೆ ಹೋಗಿದ್ದಾಳೆ. ನಿನ್ನ ಅಮ್ಮ ಒಂದೇ ಕಣ್ಣು ತೆರೆದು, "ಏನು ಮರೆತೆ?" ಎಂದರು. ಏನೂ ಇಲ್ಲ ಎಂದೆ. "ಹಂಗಾದ್ರೆ ಹೋಗು" ಎಂದು ಕಣ್ಣು ಮುಚ್ಚಿದರು. ಆದರೆ ಅವರ ಅಂಗೈ ನೋಡಿದೆ ಸವೇಲಿಯೊ. ಮಗುವಿನ ಬೆನ್ನ ಮೇಲೆ ಇತ್ತು. ನಾನು ಇಡುತ್ತೇನಲ್ಲ, ಹಾಗೇ, ಒತ್ತದೇ, ಉಸಿರು ಸಿಗುವ ಹಾಗೆ. ಗದರಿಸುವ ಹೆಂಗಸಿಗೂ ಹೆದರಿಕೆ ಇದೆ ಎಂದು ಗೊತ್ತಾಗಿ ನನಗೆ ಎಷ್ಟು ಧೈರ್ಯ ಬಂತೆಂದರೆ, ಮುಂದಿನ ಬಸ್ಸು ಹತ್ತಿ ಹೋದೆ.

ಎಸೆಟಾ ನನ್ನನ್ನು ಕೂರು ಎನ್ನಲಿಲ್ಲ. ನಿಂತೇ ಹೇಳಿದೆ, ನನ್ನನ್ನು ಪೂರ್ಣಾವಧಿಗೆ ಸೇರಿಸಿಕೊಳ್ಳಿ, ಇವತ್ತೇ ಡಾಕ್ಟರ್ ಕಾಲ್ಡರ್ ಆಫೀಸಿಗೆ ಫೋನು ಮಾಡುತ್ತೇನೆ ಎಂದು. "ಇದನ್ನ ನಿನ್ನೆ ಬೆಳಿಗ್ಗೆ ಹೇಳಿದ್ರೆ ನನ್ನ ಮಾನ ಉಳೀತಿತ್ತು" ಎಂದರು. ನಿನ್ನೆ ಬೆಳಿಗ್ಗೆ ನನ್ನಲ್ಲಿ ಇದು ಇರಲಿಲ್ಲ ಮೇಡಂ ಎಂದೆ.  ಅವರು ಫೋನನ್ನು ನನ್ನ ಕಡೆ ತಳ್ಳಿ, "ಸೋಮವಾರ ಎಂಟು ಗಂಟೆಗೆ ಶರೀರಶಾಸ್ತ್ರ. ತಡವಾದ್ರೆ ಬೈತೀನಿ" ಎಂದರು. ಎಸೆಟಾ, ಮಲಿಯಾ, ಕಿಲಿಫಿ, ನಾನು ನಾಲ್ವರೂ ಹೇಳಿ ಆಯಿತು. ಇನ್ನು ಉಳಿದಿರುವುದು ನೀನೊಬ್ಬನೇ. ಇಡೀ ಊರು ಈಗ ನಿನ್ನನ್ನು ಎಣಿಸಿಕೊಂಡು ಕೂತಿದೆ. ನಾಳೆ ಭಾನುವಾರ ನೀನು ಫೋನು ಮಾಡಿದಾಗ ಅಮ್ಮ ಅಳುತ್ತಾರೆ, ಎಸೆಟಾ ಬಂದು ಪಕ್ಕದಲ್ಲಿ ನಿಂತಿರುತ್ತಾರೆ, ಕಿಲಿಫಿ ಮೊದಲ ದೋಣಿಯಿಂದ ಶುರು ಮಾಡಬಹುದು. ಅವರಿಗೆಲ್ಲ ನೀನು ಮರ್ಯಾದೆಯಿಂದಲೇ ಉತ್ತರ ಕೊಡುತ್ತೀಯ. ಆದರೆ ಫಿಲಿಪೊ ಬಂದು ಈ ಕಾಗದ ಕೊಡುವ ತನಕ ಹೌದು ಎನ್ನಬೇಡ, ಇಲ್ಲ ಎನ್ನಬೇಡ ಎಂದು ನಾನು ಫೋನಿನಲ್ಲಿ ಹೇಳುತ್ತೇನೆ. ಯಾಕೆ ಹಾಗೆಂದೆ ಎಂದು ಇದನ್ನು ಓದಿದ ಮೇಲೆ ತಿಳಿಯುತ್ತದೆ.

ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾರೆ, ತೌಫಾಸಿ ಎಂಬ ಹೆಸರಿಗೆ ತಕ್ಕಂತೆ ಗಡ್ಡ ಬೋಳಿಸಿಕೊಂಡಿರಬೇಕಂತೆ. ಕಿಲಿಫಿ, ಸಿಸ್ಟರ್ ಮಲಿಯಾ ಕೇಳಿದರೆಂದು ತಿಳಿಸಲು ಹೇಳಿದರು. ರುತಾ ಏನೂ ಹೇಳಿಲ್ಲ, ಆದರೆ ಕೋಕೋ ಪೊಟ್ಟಣಕ್ಕೆ ಗಟ್ಟಿ ದಾರ ಕಟ್ಟಿದವಳು ಅವಳೇ. ಲೂಪೆಯ ಕಾಲಿನ ಅಳತೆಯನ್ನು ಹಿಂದಿನ ಪುಟದಲ್ಲಿ ಬರೆದಿದ್ದೇನೆ, ಅಲ್ಲಿ ಮೆತ್ತನೆಯ ಚಪ್ಪಲಿ ಸಿಕ್ಕರೆ ನೋಡು. ದೇವರು ನಿನ್ನ ಬೆನ್ನನ್ನೂ ಮನಸ್ಸನ್ನೂ ನೆಟ್ಟಗಿಟ್ಟಿರಲಿ.

ಇಂತಿ ನಿನ್ನ,
ಮಟಲೇನಾ

ಮರೆತ ಮಾತು: ಮರೆತಿಲ್ಲ, ಬರೆಯಲು ಧೈರ್ಯ ಸಾಲದೇ ಇಲ್ಲಿಯವರೆಗೆ ತಳ್ಳಿಕೊಂಡು ಬಂದೆ. ಕಾಗದ ಒಯ್ಯಲು ಬಂದ ಫಿಲಿಪೊ ಹೊರಗೆ ಹಾರ್ನ್ ಬಾರಿಸುತ್ತಿದ್ದಾನೆ, ಬೇಗ ಹೇಳುತ್ತೇನೆ. ನಿನ್ನೆ ಬೆಳಿಗ್ಗೆ ನಾನು ಪಾಠದ ಪುಸ್ತಕ ತರಲು ಕಾಲೇಜಿಗೆ ಹೊರಡುವ ಹೊತ್ತಿಗೆ ಫೋನು ಬಂತು, ಅಮ್ಮ ಎತ್ತಿದರು. ಹೊನೊಲುಲುವಿನ ಒಂದು ಆಸ್ಪತ್ರೆಯವರು. ಮಿಸ್ಟರ್ ಸವೇಲಿಯೊ ಬೇಕು, ಅವರ ಕೆಲಸದ ವಿಷಯ, ಯಾವ ದಿನ ಸೇರುತ್ತಾರೆಂದು ಕೇಳಬೇಕು, ಹಾಸ್ಟೆಲಿನಲ್ಲಿ ಯಾರೂ ಫೋನು ಎತ್ತುತ್ತಿಲ್ಲ ಎಂದಿದ್ದಾರೆ. ಅಮ್ಮ ಹಿಡಿದುಕೊಂಡದ್ದು ನಿನ್ನ ಹಳೆಯ ಹೆಸರನ್ನು ಮಾತ್ರ. "ಸವೇಲಿಯೊನಾ? ಆ ಹೆಸರಿನೋರು ಈ ಮನೇಲಿ ಯಾರೂ ಇಲ್ಲ" ಎಂದು ಇಟ್ಟುಬಿಟ್ಟರು. ಅವರ ಪಾಲಿಗೆ ಅದು ಸುಳ್ಳಲ್ಲ. "ಯಾರಮ್ಮ?" ಎಂದೆ. "ಯಾವನೋ ಬಿಳಿ ಪಾಲಾಂಗಿ, ಆಸ್ಪತ್ರೆ, ಜಾಬು ಅಂತೇನೋ ಅಂದ, ರಾಂಗ್ ನಂಬರು" ಎಂದರು. ಫೋನು ಮತ್ತೆ ಹೊಡೆಯಿತು. "ಬಿಡು, ಹೊಡ್ಕೊಂಡು ಸುಮ್ನಾಗತ್ತೆ" ಎಂದರು. ಬಿಟ್ಟಿದ್ದರೆ ಸುಮ್ಮನಾಗುತ್ತಿತ್ತು. ಅವರು ಆ ಜಾಗಕ್ಕೆ ಇನ್ನೊಬ್ಬರನ್ನು ಹುಡುಕುತ್ತಿದ್ದರು, ನೀನು ಊರಿಗೆ ಬರುತ್ತಿದ್ದೆ, ರುತಾ ಬಿಳಿ ಬಟ್ಟೆ ಹಾಕಿಕೊಳ್ಳುತ್ತಿದ್ದಳು, ಐದು ಭರ್ತಿಯಾಗುತ್ತಿತ್ತು. ಇದೆಲ್ಲ ನಾಲ್ಕು ಸಲ ಹೊಡೆಯುವಷ್ಟರಲ್ಲಿ ಯೋಚಿಸಿದೆ. ಐದನೆಯ ಸಲಕ್ಕೆ ಎತ್ತಿದೆ. ಅವರು ನನ್ನ ಗಂಡ, ಇನ್ನೂ ಹಾಸ್ಟೆಲಿನಲ್ಲೇ ಇದ್ದಾರೆ, ಬುಧವಾರ ಬೆಳಿಗ್ಗೆ ಏಳಕ್ಕೆ ಮಾಡಿದರೆ ಖಂಡಿತ ಸಿಗುತ್ತಾರೆ ಎಂದು ಹೇಳಿದ್ದೇನೆ. ಅಷ್ಟರಲ್ಲಿ ಈ ಕಾಗದ ನಿನ್ನ ಕೈಗೆ ಬಂದಿರುತ್ತದೆ. ಮನೆಯಲ್ಲಿ ಯಾರಿಗೂ ತಿಳಿಸಿಲ್ಲ. ಅಲ್ಲೇ ಇರುತ್ತೇನೆ ಎಂದರೂ, ಬರುತ್ತೇನೆ ಎಂದರೂ ನೀನೇ ಬಾಯಿಬಿಟ್ಟು ಹೇಳು, ಡಾಕ್ಟರ್ ಕಾಲ್ಡರ್‌ಗೂ, ಆಸ್ಪತ್ರೆಯವರಿಗೂ, ನನಗೂ. ಬುಧವಾರ ಫೋನಿನ ಹತ್ತಿರವೇ ಇರು. ಯಾವ ಹೆಸರು ಹಿಡಿದು ಕೇಳಿದರೂ ನಾನೇ ಎನ್ನು.